ಕೂಸು ಹೊರಕಡಿ ಹೋಗೇತೇನು?

ಗಂಗುಬಾಯಿ ಮನುಷ್ಯರನ್ನು ಅವರ ಹೊಟ್ಟೆಯಿಂದ ನೆನಪಿಟ್ಟುಕೊಳ್ಳುತ್ತಾಳೆ. ನಮ್ಮ ಸೊಸೈಟಿಯ ಕಾರ್ಯದರ್ಶಿ ಮನೀಶ್ ಮೂವತ್ತೊಂದು ವರ್ಷದ ಗಂಭೀರ ಮನುಷ್ಯ. ಸಭೆಯಲ್ಲಿ ನೀರಿನ ಟ್ಯಾಂಕಿನ ಬಗ್ಗೆ ಮಾತನಾಡುವಾಗಲೂ ಟೈ ಕಟ್ಟುತ್ತಾನೆ. ಅವನು ಲಿಫ್ಟಿನಲ್ಲಿ ಎದುರಾದಾಗಲೆಲ್ಲ ಅವಳು ಮುಗುಳ್ನಗುತ್ತಾಳೆ. ಒಮ್ಮೆ ಕಾರಣ ಕೇಳಿದೆ.

“ಮೂರ ದಿವ್ಸಕ್ಕೊಮ್ಮೆ ಹೋಗ್ತಿದ್ದ್ರೀ ಅಕ್ಕಾರ, ಸಣ್ಣಾಂವಿದ್ದಾಗ. ಅವರವ್ವ ಅಳ್ತಿದ್ಳು. ಆದ್ರ ಹೋದಾಗ ಮೆತ್ತಗ ಹೋಗ್ತಿದ್ದ. ತಾಯಿ ಹಾಲ ಕುಡಿಯೋ ಕೂಸು ಮೆತ್ತಗ ಹೋದ್ರ ದಿವ್ಸ ಎಣಿಸಬಾರದ್ರಿ.”

ಸಿಂದಗಿ ಕಡೆಯ ಹಳ್ಳಿಯಿಂದ ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಅವಳು ಮುಂಬಯಿಯ ಭಾಂಡುಪ್‌ಗೆ ಬಂದಳು. ಗಂಡ ಸಾಯಬಣ್ಣ ಗಾರೆ ಕೆಲಸದವನು. ಈ ಬಿಲ್ಡಿಂಗಿನ ಮೂರು ಮಾಳಿಗೆಗಳಿಗೆ ಗಿಲಾವು ಮಾಡಿದವನು. ಅತ್ತೆ ರಾಚವ್ವ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಸೊಸೆ ಮೊದಲು ನೀರು ಹೊತ್ತಳು, ಆಮೇಲೆ ಎಣ್ಣೆ ಬೆಚ್ಚಗೆ ಮಾಡಿದಳು, ನಾಲ್ಕನೆಯ ವರ್ಷ ಕೂಸನ್ನು ಕಾಲ ಮೇಲೆ ಹಾಕಿಕೊಂಡಳು. ಅದಕ್ಕೀಗ ಮೂವತ್ತೆರಡು ವರ್ಷ. ನನ್ನ ಮಗಳನ್ನೂ ಎರೆದವಳು ಅವಳೇ. ಅವಳ ಪಾಲಿಗೆ ಎರೆಯುವುದೆಂದರೆ ಸ್ನಾನ ಮಾಡಿಸುವುದಷ್ಟೇ ಅಲ್ಲ, ತನಿಖೆ. ನೆತ್ತಿ ನೋಡುತ್ತಾಳೆ, ತೊಡೆಯ ಮಡಿಕೆ ಬಿಡಿಸಿ ನೋಡುತ್ತಾಳೆ, ಅಂಗೈಯಿಂದ ಹೊಟ್ಟೆ ಕೇಳುತ್ತಾಳೆ. ಎಲ್ಲಕ್ಕೂ ಮುಂಚೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ಒಂದು ಪ್ರಶ್ನೆ: “ಕೂಸು ಹೊರಕಡಿ ಹೋಗೇತೇನು?”

ಈ ಪ್ರಶ್ನೆಯಿಂದಲೇ ಫೆಬ್ರವರಿಯಲ್ಲಿ ಅವಳು ನಮ್ಮ ಬಿಲ್ಡಿಂಗನ್ನು ಕಳೆದುಕೊಳ್ಳುವುದರಲ್ಲಿದ್ದಳು.

ನನ್ನ ಎದುರು ಮನೆಗೆ ಸೀನ ಶೆಟ್ಟರ ಕುಟುಂಬ ಬೊರಿವಲಿಯಿಂದ ಬಂದು ಎರಡು ವರ್ಷ. ಶೆಟ್ಟರು ಬೈಕುಲ್ಲಾದಲ್ಲಿ ನಲವತ್ತೆರಡು ವರ್ಷ ಹೋಟೆಲು ನಡೆಸಿ, ಹೆಂಡತಿ ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯನ್ನು ಮಗ ಸುಹಾಸನಿಗೆ ಒಪ್ಪಿಸಿದವರು. ಸೊಸೆ ನಿಶಾ ಇಲ್ಲಿಯೇ ಹುಟ್ಟಿ ಬೆಳೆದವಳು. ಮೊಮ್ಮಗಳು ಯಕ್ಷಿತಾಳಿಗೆ ಐದು ತಿಂಗಳು ತುಂಬುವ ಹೊತ್ತಿಗೆ ನಿಶಾ ಆಫೀಸಿಗೆ ಮರಳಬೇಕಾಯಿತು, ಕೂಸಿಗೆ ಹಾಲಿನ ಪುಡಿ ಆರಂಭವಾಯಿತು, ಹಗಲಿನ ಪಾಳಿ ಶೆಟ್ಟರಿಗೆ ಬಂತು. ಅವರು ಬಾಟಲಿಗಳನ್ನು ಹೋಟೆಲಿನ ಶಿಸ್ತಿನಲ್ಲಿ ತೊಳೆದು, ಬಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಫೆಬ್ರವರಿ ಹನ್ನೊಂದು, ಮಂಗಳವಾರ, ಎಂಟು ಗಂಟೆ. ನಾನು ಬೀಗ ಹಾಕುತ್ತಿದ್ದೆ. ನಿಶಾ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಏರಿಸುತ್ತ ಬಾಗಿಲಲ್ಲಿದ್ದಳು.

“ಕೂಸು ಹೊರಕಡಿ ಹೋಗೇತೇನ್ ತಂಗಿ?”

“ಹಾಂ ಬಾಯಿ, ನಿನ್ನೆ ಸಂಜೆ ಹೋಗಿದ್ಳು. ಪಪ್ಪಾ ಕರ್ಕೊಂಡು ಹೋದ್ರು.”

“ಅಜ್ಜಾರನ? ದೊಡ್ಡ ಮನಸ್ರಿ ಅವರದು. ಗಂಡಸರು ಇದನ್ನೆಲ್ಲ ಯಾರ ಮಾಡ್ತಾರ!”

ನಿಶಾ ನಕ್ಕು ಲಿಫ್ಟಿಗೆ ಓಡಿದಳು. ಬುಧವಾರವೂ ಅದೇ ಪ್ರಶ್ನೆ. ಉತ್ತರದಲ್ಲಿ ‘ಅರ್ಧ ಗಂಟೆ’ ಎಂಬ ಒಂದು ವಿವರ ಹೆಚ್ಚು. ಗಂಗುಬಾಯಿ ಗಾಬರಿಯಾಗಿ, “ಅರ್ಧ ತಾಸು? ಅಷ್ಟೊತ್ತು ಬ್ಯಾಡವ್ವಾ, ಕೂಸು ದಣೀತೈತಿ” ಎಂದಳಂತೆ. ಗುರುವಾರ ನಿಶಾ ಅದನ್ನು ಕಾಲು ಗಂಟೆಗೆ ಇಳಿಸಿದ್ದಾಗಿ ವರದಿ ಮಾಡಿದಳು. ಗಂಗುಬಾಯಿಗೆ ಸಮಾಧಾನವಾಯಿತು. ಆದರೆ ಅಂಗೈಗೆ ಆಗಲಿಲ್ಲ, ಕೂಸಿನ ಹೊಟ್ಟೆ ಬಿಗಿಯಾಗಿತ್ತು. ತಾಯಿಯ ಮಾತನ್ನು ನಂಬಬೇಕೋ ಹೊಟ್ಟೆಯನ್ನು ನಂಬಬೇಕೋ ಎಂದು ಯೋಚಿಸಿ, ವಿದ್ಯಾವಂತಳಾದ ತಾಯಿಯನ್ನು ನಂಬಿದಳು. ತನ್ನ ಮೂವತ್ತೆರಡು ವರ್ಷಗಳಲ್ಲಿ ಆಕೆ ಮಾಡಿದ ತಪ್ಪು ಇದೊಂದೇ ಎನ್ನಲಾರೆ. ಇನ್ನೊಂದರ ವಿಷಯ ಮುಂದೆ ಬರುತ್ತದೆ.

ಶುಕ್ರವಾರ ಸಂಜೆ ಯಕ್ಷಿತಾ ಮುಖ ಕೆಂಪಗೆ ಮಾಡಿಕೊಂಡು, ಕಾಲು ಮಡಚಿ ಅತ್ತಳು. ಆಗ ಸೊಸೆಯೂ ಮಾವನೂ ಲೆಕ್ಕ ಹಾಕಿದರು. ಕೊಳೆಯಾದ ಡೈಪರನ್ನು ಹಗಲು ಮಾವ ಬದಲಿಸಿರಬಹುದೆಂದು ಸೊಸೆ, ರಾತ್ರಿ ಸೊಸೆ ಬದಲಿಸಿರಬಹುದೆಂದು ಮಾವ, ಇಬ್ಬರೂ ಪರಸ್ಪರ ಗೌರವದಿಂದ ಕೇಳದೇ ಉಳಿದಿದ್ದರು. ಐದು ದಿನ. ಬಿಲ್ಡಿಂಗಿನ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಏಳು ಹದಿನೈದಕ್ಕೆ ನಿಶಾಳ ಇಂಗ್ಲಿಷ್ ಸಂದೇಶ ಬಂತು: ಮಾಲೀಶಿನವಳು ಹೊಟ್ಟೆ ಒತ್ತಿ ಮಗುವಿಗೆ ಮಲಬದ್ಧತೆ ತಂದಿದ್ದಾಳೆ, ಉಳಿದ ತಾಯಂದಿರು ಎಚ್ಚರ. ಕೆಳಗೆ ಹದಿನಾಲ್ಕು ಅಳುವ ಮುಖಗಳು ಮತ್ತು ಮಗುವಿನ ಹೊಟ್ಟೆಗೆ ಹಚ್ಚುವ ಒಂದು ಎಣ್ಣೆಯ ಜಾಹೀರಾತು.

ಶನಿವಾರ ಬೆಳಿಗ್ಗೆ ಎಂಟು ಹತ್ತಕ್ಕೆ ಗಂಗುಬಾಯಿ ನನ್ನ ಬಾಗಿಲಲ್ಲಿ ನಿಂತಿದ್ದಳು, ಚಪ್ಪಲಿ ಬಿಡದೆ.

“ನಾಲ್ಕನೇ ಮಾಳಿಗಿಯವರು, ಆರನೇ ಮಾಳಿಗಿಯವರು ತಮ್ಮ ಮನಿಗೆ ಬಿಡಬ್ಯಾಡ ಅಂತ ವಾಚ್‌ಮನ್‌ಗ ಹೇಳ್ಯಾರಂತ. ನಾ ಏನ್ ಮಾಡೀನ್ರಿ ಅಕ್ಕಾರ?”

ಸಂದೇಶವನ್ನು ಕನ್ನಡದಲ್ಲಿ ಹೇಳಿದೆ. ಅವಳಿಗೆ ಓದು ಬರುವುದಿಲ್ಲ. ಈ ಬಿಲ್ಡಿಂಗಿನಲ್ಲಿ ಅವಳಿಗೆ ಮೂರು ಕೂಸುಗಳಿದ್ದವು. ಬೇರೆ ಬಿಲ್ಡಿಂಗುಗಳ ಮನೆಗಳೂ ಈ ತಾಯಂದಿರ ಬಾಯಿಮಾತಿನಿಂದ ಸಿಕ್ಕವು. ಆ ಬಾಯಿ ತಿರುಗಿಬಿದ್ದರೆ ಅವಳಿಗೆ ಭಾಂಡುಪ್‌ನಲ್ಲಿ ಕೆಲಸ ಉಳಿಯುವುದಿಲ್ಲ. ಅದನ್ನು ಅವಳು ಹೇಳಲಿಲ್ಲ. “ಐದ ದಿನ?” ಎಂದಳು. ಮತ್ತೆ, “ಮತ್ತ ದಿನಾ ಹೊರಕಡಿ ಹೋಗ್ಯಾಳ ಅಂತಿದ್ಳಲ್ಲ!”

ನಾವಿಬ್ಬರೂ ಎದುರು ಮನೆಗೆ ಹೋದೆವು. ನಿಶಾಳ ಕಣ್ಣು ಊದಿತ್ತು.

“ಆಂಟಿ, ಇವಳು ರೋಜ್ ಕೇಳ್ತಾಳೆ, ನಾನು ರೋಜ್ ಹೇಳ್ತೀನಿ. ಗಾರ್ಡನ್‌ಗೆ ಡೈಲಿ ಹೋಗ್ತಾಳೆ ಬೇಬಿ. ಅದಕ್ಕೂ ಇದಕ್ಕೂ ಕ್ಯಾ ಸಂಬಂಧ?”



“ಗಾರ್ಡನ್ನ?” ಎಂದಳು ಗಂಗುಬಾಯಿ.

“ಹೊರಗಡೆ ಅಂದ್ರೆ ಬಾಹರ್ ಅಲ್ವಾ?”

‘ಹೊರಕಡಿ’ ಎಂಬುದು ಆ ಸೀಮೆಯಲ್ಲಿ ಮಲವಿಸರ್ಜನೆಗಿರುವ ಮರ್ಯಾದೆಯ ಮಾತು ಎಂದು ನಾನು ವಿವರಿಸಿದೆ. ಶೆಟ್ಟರು ಸೋಫಾದಿಂದ ಎದ್ದು ನಿಂತರು. “ಎಂಥ ಅವಸ್ಥೆ ಮಾರಾಯ್ರೆ! ನಾನು ಮಗುವಿಗೆ ಟೊಪ್ಪಿ ಕಟ್ಟಿ ಗಾಡಿಯಲ್ಲಿ ಕೂರಿಸಿ ನಾಲ್ಕು ಸುತ್ತು ತಿರುಗಿಸಿದ್ದು. ಈ ಬಾಯಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಇಷ್ಟಕ್ಕೆಲ್ಲ ಯಾಕೆ ಹೊಗಳ್ತಾಳೆ ಅಂತ ನನಗೆ ಆಗಲೇ ಡೌಟು ಬಂದಿತ್ತು.”

ಆದರೆ ಮಾತಿನ ಗಂಟು ಬಿಚ್ಚಿದ ಮಾತ್ರಕ್ಕೆ ಹೊಟ್ಟೆಯ ಗಂಟು ಬಿಚ್ಚುವುದಿಲ್ಲ. ಶೆಟ್ಟರು ಅಡುಗೆಮನೆಯಿಂದ ವೀಳ್ಯದೆಲೆಯೊಂದನ್ನೂ ಹರಳೆಣ್ಣೆಯ ಬಾಟಲಿಯನ್ನೂ ತಂದರು. ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಮಲದ್ವಾರಕ್ಕೆ ಇಟ್ಟರೆ ಐದು ನಿಮಿಷದ ಕೆಲಸವೆಂದೂ, ಊರಲ್ಲಿ ಎಲ್ಲರೂ ಮಾಡುತ್ತಿದ್ದರೆಂದೂ ಹೇಳಿದರು. ಎಂ.ಬಿ.ಎ. ಓದಿದ ನಿಶಾ, ಅಂತರ್ಜಾಲದಲ್ಲಿಯೂ ಹಾಗೆಯೇ ಬರೆದಿದೆ ಎಂದಳು. ಆ ಕೋಣೆಯಲ್ಲಿ ಅದನ್ನು ವಿರೋಧಿಸಿದವಳು, ಈ ವಿದ್ಯೆಯನ್ನು ಪರಂಪರೆಯಾಗಿ ಕಲಿತ ಒಬ್ಬಳೇ.

“ನಾ ಇಡಾಂಗಿಲ್ಲ. ಎಣ್ಣಿ ಬಾಯಾಗ ಹಾಕಾಕೂ ಬಿಡಾಂಗಿಲ್ಲ.”

“ಅಲ್ಲ ಬಾಯಿ, ನೀನೇ ಹೀಗೆ ಹೇಳಿದರೆ ಹೇಗೆ? ಇದು ನಿಮ್ಮ ಕಡೆಯದೇ ಮದ್ದಲ್ಲವಾ?”

“ಒಮ್ಮಿ ಇಟ್ಟೀನ್ರಿ ಅಜ್ಜಾರ. ನಮ್ಮತ್ತಿ ಹೇಳಿದ್ಳು ಅಂತ, ನನ್ನ ಮಗಳಿಗೇ, ಹಾಲವ್ವಗ. ರಗತ ಬಂತು. ಹದಿನೈದ ದಿವ್ಸ ಆ ಕೂಸು ನೋವಿಗಂಜಿ ಬಿಗಿಹಿಡಿದಿತ್ತು. ಅವತ್ತ ಬಿಟ್ಟೆ.”

ಇದೇ ಆ ಇನ್ನೊಂದು ತಪ್ಪು. ಅತ್ತೆಯ ಎದುರು ಅದನ್ನು ತಪ್ಪೆಂದು ಹೇಳಲು ಅವಳಿಗೆ ಹನ್ನೊಂದು ವರ್ಷ ಬೇಕಾಯಿತಂತೆ.

ಆಮೇಲೆ ಅವಳು ಯಕ್ಷಿತಾಳನ್ನು ಕಾಲ ಮೇಲೆ ಮಲಗಿಸಿಕೊಂಡು, ಹೊಟ್ಟೆ ಮುಟ್ಟಿ, ಬಾಯೊಳಗೆ ಇಣುಕಿ, “ಹಾಲ ಹ್ಯಾಂಗ ಕಲಸ್ತೀರಿ, ನನ್ನ ಮುಂದ ಕಲಸ್ರಿ” ಎಂದಳು. ಶೆಟ್ಟರು ಹೆಮ್ಮೆಯಿಂದ ಎದ್ದರು. ಕುದಿಸಿ ಆರಿಸಿದ ನೀರನ್ನು ಬಾಟಲಿಯ ನೂರಿಪ್ಪತ್ತರ ಗೆರೆಯವರೆಗೆ ಕಣ್ಣಳತೆ ತಪ್ಪದಂತೆ ಹಾಕಿದರು. ಪುಡಿಯನ್ನು ಚಮಚದ ಮೇಲೆ ಗೋಪುರ ಬರುವಂತೆ ತುಂಬಿ ಒಂದು, ಎರಡು, ಹೀಗೆ ಆರು ಸಲ ಹಾಕಿ ಅಲುಗಾಡಿಸಿದರು. ಹಾಲು ಬಾಟಲಿಯ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಇಳಿಯಿತು.

“ಡಬ್ಬಿ ಮ್ಯಾಲ ಏನ ಬರದೈತಿ ಓದ್ರಿ ಅಕ್ಕಾರ.”

ಮೂವತ್ತು ಮಿಲಿಲೀಟರ್ ನೀರಿಗೆ ಒಂದು ಚಮಚ, ಸಮತಟ್ಟಾಗಿ. ಅಂದರೆ ನಾಲ್ಕು. ನಾನು ಎರಡು ಸಲ ಓದಿದೆ.

“ಅದು ಕಂಪೆನಿಯವರು ಬರೆಯುವುದು,” ಎಂದರು ಶೆಟ್ಟರು. “ನೋಡಿ, ನಲವತ್ತೆರಡು ವರ್ಷ ಬೈಕುಲ್ಲಾದಲ್ಲಿ ಹೋಟೆಲು ಮಾಡಿದೆ. ಸೀನ ಶೆಟ್ಟಿ ಹಾಲಿಗೆ ನೀರು ಹಾಕಿದ ಎಂದು ಒಬ್ಬ ಗಿರಾಕಿ ಹೇಳಲಿಲ್ಲ. ಈಗ ಸ್ವಂತ ಮೊಮ್ಮಗಳಿಗೆ ನೀರು ಹಾಲು ಕುಡಿಸುವುದಾ?”

“ಗಿರಾಕಿಗೆ ಹಲ್ಲಿದ್ವು ಅಜ್ಜಾರ. ಇದು ಹಾಲಲ್ಲ, ಬಾಸುಂದಿ. ಹೊಟ್ಟಿ ಕಟ್ಟದ ಏನ್ ಮಾಡೀತು?”

ನಿಶಾ ಸ್ಟೇಷನ್ ಬಳಿಯ ಮಕ್ಕಳ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಎಷ್ಟು ನೀರಿಗೆ ಎಷ್ಟು ಚಮಚ ಎಂಬುದಾಗಿತ್ತು. ಡಬ್ಬಿಯ ಮೇಲಿದ್ದಂತೆ ಕಲಸಿ; ಹರಳೆಣ್ಣೆ, ತೊಟ್ಟು, ಸೋಪು, ಜೇನುತುಪ್ಪ ಏನೂ ಬೇಡ; ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿಸಿ; ಕಾಲುಗಳನ್ನು ಸೈಕಲ್ಲಿನಂತೆ ಆಡಿಸಿ; ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ರಕ್ತ ಕಂಡರೆ ಕೂಡಲೇ ಕರೆತನ್ನಿ, ಇಲ್ಲವಾದರೂ ಸೋಮವಾರ ತೋರಿಸಿ ಎಂದರು. ಗಂಗುಬಾಯಿ ನೀರು ಕಾಯಿಸಲು ಆಗಲೇ ಒಳಗೆ ಹೋಗಿದ್ದಳು.

ಅಂದು ಅವಳಿಗೆ ಸಮಯದ ಕೊರತೆ ಇರಲಿಲ್ಲ; ಎರಡು ಮನೆಯವರು ಬೇಡವೆಂದಿದ್ದರಲ್ಲ. ಎರೆದಳು, ಹೊಕ್ಕಳ ಸುತ್ತ ಮೆಲ್ಲಗೆ ಬೆರಳಾಡಿಸಿದಳು, ಕಾಲುಗಳನ್ನು ಎದೆಗೆ ಒತ್ತಿ ಬಿಟ್ಟಳು, ಒತ್ತಿ ಬಿಟ್ಟಳು. “ಸೈಕಲ್ ಹೊಡಿ, ಸಿಂದಗಿಗೆ ಹೋಗೋಣು” ಎಂದು ಕೂಸಿಗೆ ಹೇಳುತ್ತಿದ್ದಳು. ಮಧ್ಯಾಹ್ನ ನಾನು ಹೋದಾಗ ಸೈಕಲ್ಲು ಸೊಲ್ಲಾಪುರ ದಾಟಿತ್ತು. ಶೆಟ್ಟರು ಪಕ್ಕದಲ್ಲಿ ಕುಳಿತು ಸಮತಟ್ಟಾದ ಚಮಚಗಳನ್ನು ಚಾಕುವಿನಿಂದ ಗೀರಿ ಅಳೆಯುತ್ತಿದ್ದರು. ಅವರ ಮುಖದಲ್ಲಿ ಗಿರಾಕಿಗೆ ಮೋಸ ಮಾಡುವವನ ನಾಚಿಕೆಯಿತ್ತು.

ನಾಲ್ಕು ನಲವತ್ತಕ್ಕೆ, ಶೆಟ್ಟರ ಬಿಳಿಯ ಪಂಚೆಯ ಮೇಲೆ, ವಿಷಯ ಇತ್ಯರ್ಥವಾಯಿತು. ಮೊದಲು ಗಟ್ಟಿ, ಆಮೇಲೆ ಮೆತ್ತಗೆ. ಶೆಟ್ಟರು ಕದಲದೆ ಕುಳಿತು, “ಸುಹಾಸನಿಗೆ ಫೋನು ಮಾಡಿ” ಎಂದರು. ಶನಿವಾರದ ಗಿರಾಕಿಗಳ ನಡುವೆ ಸುಹಾಸ ಆ ಸುದ್ದಿಯನ್ನು ಹೇಗೆ ಸ್ವೀಕರಿಸಿದನೋ ತಿಳಿಯದು.

ಸಂಜೆ ನಿಶಾ ಗುಂಪಿನಲ್ಲಿ ಮತ್ತೊಂದು ಸಂದೇಶ ಹಾಕಿದಳು. ಗಂಗುಬಾಯಿ ಮನೆಗೆ ಹೋಗುವ ಮೊದಲು ಅದನ್ನು ಓದಿ ಹೇಳಿರೆಂದು ನನ್ನ ಬಾಗಿಲಲ್ಲಿ ನಿಂತಳು. ಇಂಗ್ಲಿಷಿನಲ್ಲಿ ಇದ್ದುದು ಇಷ್ಟೇ: ಬೇಬಿ ಈಗ ಆರಾಮ, ಹಾಲಿನ ಸಮಸ್ಯೆಯಾಗಿತ್ತು, ಎಲ್ಲರಿಗೂ ಧನ್ಯವಾದ. ಕೆಳಗೆ ಐದನೆಯ ಮಾಳಿಗೆಯವರು ನಾಳೆಯಿಂದ ಹಾಲಿನವನನ್ನು ಬದಲಿಸುವುದಾಗಿ ಬರೆದಿದ್ದರು.

ನಾನು ಅದನ್ನು ಕನ್ನಡದಲ್ಲಿ ಓದಿದೆ. ಕೊನೆಗೆ, “ಗಂಗುಬಾಯಿಯದು ಏನೂ ತಪ್ಪಿಲ್ಲ” ಎಂದೂ ಓದಿದೆ.

“ಇನ್ನೊಮ್ಮಿ ಓದ್ರಿ.”

ಓದಿದೆ. “ಗಂಗುಬಾಯಿಯವರದು ಏನೂ ತಪ್ಪಿಲ್ಲ.”

ಅವಳು ಸೆರಗು ಸರಿಮಾಡಿಕೊಂಡು ಸ್ವಲ್ಪ ಹೊತ್ತು ನನ್ನ ಫೋನನ್ನೇ ನೋಡಿದಳು. “ಮೊದಲನೇ ಸಲ ‘ಅವರು’ ಇರಲಿಲ್ಲಲ್ರಿ ಅಕ್ಕಾರ.” ನಾನು ಫೋನು ಕೆಳಗಿಳಿಸಿದೆ. “ಇರ್ಲಿ. ಎರಡನೇದ್ದು ಛಲೋ ಐತಿ. ಅದನ್ನ ನಾಲ್ಕನೇ ಮಾಳಿಗಿಯವರಿಗೂ ಓದಿ ಹೇಳ್ರಿ. ಆರನೇದವರಿಗೂ.”

ನಾನು ಎದುರು ಮನೆಯ ಬೆಲ್ ಒತ್ತಿದೆ. ಪೂರ್ತಿ ಸಂಗತಿಯನ್ನು ಬರೆಯಬೇಕೆಂದಾಗ ನಿಶಾ ತಡವರಿಸಿ, ಒಳಗೆ ಪಂಚೆ ನೆನೆಹಾಕುತ್ತಿದ್ದ ಮಾವನ ಕಡೆ ನೋಡಿದಳು. “ಬರಿ ಮಗಾ,” ಎಂದರು ಶೆಟ್ಟರು ಒಳಗಿನಿಂದಲೇ. “ಹಾಲು ಗಟ್ಟಿ ಮಾಡಿದ್ದು ಸೀನ ಶೆಟ್ಟಿ ಅಂತಲೇ ಬರಿ. ಅದು ಕೆಟ್ಟ ಹೆಸರೇನಲ್ಲ.”

ನಿಶಾ ಬರೆದಳು. ಕೊನೆಯ ಸಾಲಿಗೆ ಬಂದು, “ಆಂಟಿ, ಇಂಗ್ಲಿಷಲ್ಲಿ ‘ಅವರು’ ಹೇಗೆ ಹಾಕೋದು?” ಎಂದಳು. ಇಂಗ್ಲಿಷಿನಲ್ಲಿ ಅದಕ್ಕೆ ಸ್ಥಳವಿಲ್ಲವೆಂದೆ. ಅವಳು ಯೋಚಿಸಿ, ಹೆಸರಿನ ಕೊನೆಗೆ ಒಂದು ‘ಜೀ’ ಸೇರಿಸಿದಳು.

ಆರನೆಯ ಮಾಳಿಗೆಯವರು ಅಷ್ಟರಲ್ಲಿ ಕೂಸನ್ನು ತಾವೇ ಎರೆಯಲೆಂದು ಪ್ಲಾಸ್ಟಿಕ್ ಟಬ್ಬು ತರಿಸಿದ್ದರು. ಅವರು ಮತ್ತೆ ಕರೆಯಲಿಲ್ಲ. ಸೋಮವಾರ ಬೆಳಿಗ್ಗೆ ಏಳು ಐವತ್ತಕ್ಕೆ ಗಂಗುಬಾಯಿಯವರು ಲಿಫ್ಟಿನಲ್ಲಿ ನಾಲ್ಕನೆಯ ಮಾಳಿಗೆಗೆ ಹೋದರು. ಬಾಗಿಲು ತೆರೆದ ಸದ್ದು ಮೆಟ್ಟಿಲ ಕಡೆಯಿಂದ ಕೇಳಿತು, ಅದರ ಹಿಂದೆಯೇ ಅವರ ದನಿ, ಹೊಸದಾಗಿ ಕಲಿತ ಇಂಗ್ಲಿಷ್ ಪದ ಸೇರಿಸಿ, ಪ್ರತಿ ಪದವನ್ನೂ ಬಿಡಿಸಿ ಬಿಡಿಸಿ: “ಕೂಸು ಪಾಟ್ಟಿ ಮಾಡೇತೇನು?”