ಸಾಧು ಮಾಡುವ ಮಾತ್ರೆ

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ತಂಗಿಗೆ ಹದಿನೆಂಟು. ಪಿಯುಸಿ ಎರಡನೇ ಸಲ ಫೇಲಾದ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುವುದು, ಕೈಕಾಲು ನಡುಗುವುದು ಶುರುವಾಯಿತು. ಮೈಸೂರಿನ ಮನೋವೈದ್ಯರು ಎರಡು ಮಾತ್ರೆ ಬರೆದರು. ಒಂದನ್ನು ತಿಂಗಳುಗಟ್ಟಲೆ ನುಂಗಬೇಕು. ಇನ್ನೊಂದು ನಿದ್ದೆಗೆ, ಹದಿನೈದೇ ದಿನ. ಆಮೇಲೆ ಬಂದು ತೋರಿಸಿ ಎಂದರು. ನಾವು ಹೋಗಲಿಲ್ಲ. ಮೊದಲನೆಯದನ್ನು ಬಿಡಿಸಿ ನಿದ್ದೆಯದನ್ನೇ ಉಳಿಸಿಕೊಂಡೆವು. ಅದನ್ನು ನುಂಗಿದರೆ ಅವಳು ಅಳುತ್ತಿರಲಿಲ್ಲ, ಎದುರಾಡುತ್ತಿರಲಿಲ್ಲ. ಅವ್ವನಿಗೆ ಅಷ್ಟು ಸಾಕಾಗಿತ್ತು.

ನಾನು ನರಸೀಪುರದಲ್ಲಿ ಗುಮಾಸ್ತ. ವಾರಕ್ಕೊಮ್ಮೆ ನಮ್ಮೂರು ಹೆಡತಲೆಗೆ ಹೋಗುವಾಗ ನಂಜನಗೂಡಿನಲ್ಲಿ ಇಳಿದು ಮಾತ್ರೆ ಕೊಳ್ಳುತ್ತಿದ್ದೆ. ಅಂಗಡಿಯವನು ಹಳೇ ಚೀಟಿಯನ್ನು ಬಿಚ್ಚಿಯೂ ನೋಡುತ್ತಿರಲಿಲ್ಲ.

"ಅದೇ ಅಲ್ವಾ ಸಾ? ಎಲ್ಡು ಸ್ಟ್ರಿಪ್ ತಕೊಂಡೋಗಿ."

ಒಂದು ಮಾತ್ರೆ ಎರಡಾಯಿತು, ಮೂರಾಯಿತು.

ಹೆಣ್ಣು ನೋಡಲು ಜನ ಬಂದ ದಿನ ಅವ್ವ ಇನ್ನೊಂದು ಹೆಚ್ಚಿಗೆ ಕೊಟ್ಟಳು. ತಂಗಿಯ ರೆಪ್ಪೆ ಎಳೆಯುತ್ತಿತ್ತು. ಹೆಸರು ಕೇಳಿದರೆ ಅರ್ಧ ಹೇಳಿ ನಿಲ್ಲಿಸಿದಳು. ಬಾಯಂಚಿನಲ್ಲಿ ಜೊಲ್ಲು ಇಳಿಯಿತು. ಅವ್ವ ಸೆರಗಿನಿಂದ ಒರೆಸಿ ನಕ್ಕಳು.

"ಎಷ್ಟ್ ಸಾದು ಎಣ್ಣು ಕಣವ್ವ! ತಲೆ ಎತ್ತಿ ಒಬ್ರುನ್ನೂ ನೋಡ್ನಿಲ್ಲ," ಎಂದಳು ಗಂಡಿನ ಸೋದರತ್ತೆ, ಬಾಯಿ ತುಂಬ ಉಪ್ಪಿಟ್ಟು ಅಗಿಯುತ್ತಾ.

ನನಗೆ ಹೇಸಿಗೆ ಎನಿಸಿತು. ಆ ಬಾಯಿ, ಅವ್ವನ ನಗು, ಎಲ್ಲಕ್ಕಿಂತ ಹೆಚ್ಚಾಗಿ ನನ್ನದೇ ಜೇಬಿನಲ್ಲಿದ್ದ ಹೊಸ ಸ್ಟ್ರಿಪ್ಪು.

"ಇವ್ಳು ಸಾದು ಅಲ್ಲ. ಮಾತ್ರೆ ಕೊಟ್ಟು ಕೂರ್ಸಿದ್ದೀವಿ," ಎಂದುಬಿಟ್ಟೆ.

ಬಂದವರು ಎದ್ದು ಹೋದರು. "ಮನೆ ಮಾನ ತೆಗ್ದಲ್ಲೋ," ಎಂದು ಅವ್ವ ನನ್ನೊಡನೆ ಮಾತು ಬಿಟ್ಟಳು.

ಮಾರನೆಯ ವಾರ ತಂಗಿಯನ್ನು ಮೈಸೂರಿಗೆ ಕರೆದೊಯ್ದೆ. ವೈದ್ಯರು ಚೀಟಿಯ ತಾರೀಖು ನೋಡಿ, "ಇಷ್ಟು ದಿನ ಯಾರು ತಂದುಕೊಟ್ಟದ್ದು?" ಎಂದರು. "ನಾನೇ ಸಾ," ಎಂದೆ. ಒಮ್ಮೆಲೇ ನಿಲ್ಲಿಸಿದರೆ ಅಪಾಯ, ನಿಧಾನವಾಗಿ ಇಳಿಸಬೇಕು ಎಂದರು.

ಅವಳನ್ನು ನರಸೀಪುರದ ನನ್ನ ಬಾಡಿಗೆ ಕೋಣೆಯಲ್ಲೇ ಇಟ್ಟುಕೊಂಡು, ವೈದ್ಯರು ಹೇಳಿದಂತೆ ಮಾತ್ರೆಯನ್ನು ಬ್ಲೇಡಿನಿಂದ ಕತ್ತರಿಸಿ ಕೊಡುತ್ತಿದ್ದೆ. ಅವಳು ಬೆವರಿದಳು, ವಾಂತಿ ಮಾಡಿಕೊಂಡಳು. ಒಂದು ಮಧ್ಯಾಹ್ನ ತಟ್ಟೆಯನ್ನು ನನ್ನ ಮೇಲೆ ಎಸೆದಳು.

"ನಿಂಗೂ ನಾನ್ ಸುಮ್ಕಿದ್ರೆ ಸಾಕಾಗಿತ್ತು ಅಲ್ವಾ?"

ನಾನು ಅನ್ನ ಬಳಿದು ತೆಗೆದೆ.

ಆ ಮಾತ್ರೆ ಪೂರ್ತಿ ಬಿಡಲು ಎಂಟು ತಿಂಗಳಾಯಿತು. ಆಮೇಲೆ ಅವಳು ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುವ ಕೆಲಸಕ್ಕೆ ಸೇರಿದಳು. ಈಗಲೂ ಕೆಲವೊಮ್ಮೆ ಎದೆ ಹೊಡೆದುಕೊಳ್ಳುತ್ತದಂತೆ. ಒಬ್ಬಳೇ ಬಸ್ ಹತ್ತಿ ವೈದ್ಯರನ್ನು ಕಂಡು ಬರುತ್ತಾಳೆ. ನನ್ನನ್ನು ಜೊತೆಗೆ ಕರೆಯುವುದಿಲ್ಲ.