ಎರಡು ಕಾಳು, ಮೂರು ಬಟ್ಟಲು

ಈ ಚಳಿಗಾಲದಲ್ಲಿ ನಮ್ಮ ಮನೆಯಲ್ಲೊಂದು ಜಗಳವಾಯಿತು. ಆಸ್ತಿಗಲ್ಲ, ಅಡುಗೆಗಲ್ಲ. ಎರಡು ಅವರೆಕಾಳು ಒಂದೇ ಥರ ಇವೆಯೋ, ಬೇರೆ ಬೇರೆಯೋ ಅನ್ನುವುದಕ್ಕೆ.

ನಗಬೇಡಿ. ಆ ಜಗಳದ ಹಿಂದೆ ಒಬ್ಬಳ ಎಂ.ಎಸ್ಸಿ. ಇತ್ತು.

ಒಬ್ಬಳು ಅಂದರೆ ನನ್ನ ಸೊಸೆ ಪವಿತ್ರ. ಮುಳಬಾಗಿಲು ಕಡೆಯವಳು. ತವರಿನಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಬಂದಮೇಲೆ ಇಂಗ್ಲಿಷು. ಮದುವೆ ಮಾತುಕತೆಯ ದಿನ ಅವಳು ಇಟ್ಟ ಷರತ್ತು ಒಂದೇ: ‘ಎಂ.ಎಸ್ಸಿ. ಫಿಸಿಕ್ಸ್ ಬಿಡಲ್ಲ.’ ಬಿಡಲೂ ಇಲ್ಲ. ಬೆಳಿಗ್ಗೆ ತಿಂಡಿ ಡಬ್ಬಿ ಹಿಡಿದು ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸು ಹತ್ತಿದರೆ, ವಾಪಸ್ಸು ಬರುವುದು ನಾನು ದೀಪ ಹಚ್ಚುವ ಹೊತ್ತಿಗೆ. ಮಗ ಗಿರೀಶ ಮಾಲೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುತ್ತಾ ಅಲ್ಲೇ ರೂಮು ಮಾಡಿಕೊಂಡಿದ್ದಾನೆ, ಭಾನುವಾರಕ್ಕೊಮ್ಮೆ ಬರುತ್ತಾನೆ. ಹಾಗಾಗಿ ಮನೆಯಲ್ಲಿ ನಾವಿಬ್ಬರೇ.

ಎಲ್ಲ ಪೇಪರೂ ಪಾಸಾದಳು, ಒಂದು ಬಿಟ್ಟು. ಥರ್ಮೋಡೈನಮಿಕ್ಸ್ ಅಂಡ್ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್. (ಹೆಸರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಒಲೆ ಮೇಲಿನ ಹಾಲು ಉಕ್ಕಿರುತ್ತದೆ.)

ಫೇಲಾದ ದಿನ ಅಳಲಿಲ್ಲ. ಚಪಾತಿ ಲಟ್ಟಿಸುತ್ತಾ ಅಂದಳು: ‘ಫಾರ್ಮುಲಾ ಎಲ್ಲಾ ಬಾಯಲ್ಲಿತ್ತು ಅತ್ತಮ್ಮಾ. ಲೆಕ್ಕ ಸ್ವಲ್ಪ ತಿರುಗಿಸಿ ಕೊಟ್ರು, ಕೈ ಕಟ್ಟೋಯ್ತು. ಅರ್ಥಾನೇ ಆಗಿರ್ಲಿಲ್ಲ ನಂಗೆ.’

ಅವತ್ತಿನಿಂದ ಅವಳ ಪಾಠ ಕೇಳುವ ಕೆಲಸ ನನ್ನದಾಯಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅರ್ಥವಾಗುತ್ತಿತ್ತಾ? ಅರ್ಧ. ಆದರೆ ಅವಳಿಗೆ ಬೇಕಾಗಿದ್ದು ಎದುರಿಗೊಂದು ಮುಖ. ನಾನು ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆ, ಅವಳು ಕನ್ನಡದಲ್ಲಿ ಶುರು ಮಾಡಿ, ಸಿಕ್ಕಿಬಿದ್ದ ಕಡೆ ತೆಲುಗಿಗೆ ಹಾರಿ, ಇಂಗ್ಲಿಷಲ್ಲಿ ಮುಗಿಸುತ್ತಿದ್ದಳು.

ಒಂದು ಸಂಜೆ, ಬಿಸಿ ಕಾಫಿ ತಾನಾಗಿ ಆರುತ್ತದೆ, ಆರಿದ ಕಾಫಿ ತಾನಾಗಿ ಬಿಸಿಯಾಗುವುದಿಲ್ಲ ಅಂದಳು.

‘ಇದು ತಿಳ್ಕೊಳಕ್ಕೆ ಕೋಲಾರಕ್ಕೆ ಹೋಗ್ಬೇಕೇನೇ?’ ಅಂದೆ.

‘ಆರುತ್ತೆ ಅಂತ ಎಲ್ರಿಗೂ ಗೊತ್ತು ಅತ್ತಮ್ಮಾ. ಯಾಕೆ ಅಂತ ಕೇಳಿ.’

‘ಯಾಕೆ?’

‘ಬಿಸಿ ಲೋಟದೊಳಗೇ ಕೂತಿರೋಕೆ ದಾರಿ ಕಮ್ಮಿ. ಮನೆಯೆಲ್ಲಾ ಹರಡಿಕೊಳ್ಳೋಕೆ ದಾರಿ ಲೆಕ್ಕವಿಲ್ಲದಷ್ಟು. ದಾರಿ ಜಾಸ್ತಿ ಇರೋ ಕಡೆಗೇ ಹೋಗುತ್ತೆ. ಆ ದಾರಿ ಎಣಿಸೋದೇ ನನ್ನ ಪೇಪರು.’

ನಾನು ಲೋಟ ಮುಟ್ಟಿ ನೋಡಿದೆ. ಆರಿತ್ತು. ಪಾಠ ಚೆನ್ನಾಗಿದ್ದರೆ ಕಾಫಿ ಆರುತ್ತದೆ ಅನ್ನುವುದು ನನ್ನ ಸ್ವಂತ ನಿಯಮ.

ಇಷ್ಟರಲ್ಲಿ ಮರುಪರೀಕ್ಷೆಯ ದಿನ ಗೊತ್ತಾಯಿತು. ಅದರ ಹಿಂದೆಯೇ ಲಕ್ಕೂರಿನಿಂದ ನನ್ನ ನಾದಿನಿ ಸರೋಜ ಬಂದಳು. ಅವಳ ಮಗಳು ಸುಷ್ಮಾಳ ಸೀಮಂತಕ್ಕೆ ಕರೆಯಲು. ಯಾವ ದಿನ? ನೀವು ಊಹಿಸಿದ್ದು ಸರಿ. ಅದೇ ದಿನ, ಪರೀಕ್ಷೆಯ ಹೊತ್ತಿಗೇ.

ನಮ್ಮ ಕಡೆ ಸೀಮಂತದಲ್ಲಿ ಮೊದಲ ಆರತಿ ಬಸುರಿಯ ಸೋದರಮಾವನ ಮನೆಯ ಮುತ್ತೈದೆಯದು. ಸುಷ್ಮಾಳ ಸೋದರಮಾವ ನನ್ನ ಯಜಮಾನರು. ಅವರು ಹೋಗಿ ಕೆಲವು ವರ್ಷಗಳಾದವು. ಹಾಗಾಗಿ ಆರತಿ ತಟ್ಟೆಯ ಲೆಕ್ಕದಲ್ಲಿ ನಾನಿಲ್ಲ. ಉಳಿದವಳು ಪವಿತ್ರ ಒಬ್ಬಳೇ.

ಸರೋಜ ಬಂದಾಗ ನಾವು ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಅವರೆ ಕಾಲದಲ್ಲಿ ನಮ್ಮ ಕಡೆ ಮನೆಗೆ ಬಂದವರು ಸುಮ್ಮನೆ ಕೂರುವಂತಿಲ್ಲ, ಮಾತಾಡುತ್ತಲೇ ಬುಟ್ಟಿಗೆ ಕೈಹಾಕಬೇಕು. ಅವಳೂ ಸೆರಗು ಸಿಕ್ಕಿಸಿ ಕೂತಳು. ವಿಷಯ ಹೇಳಿದೆ. ಅವಳ ಬೆರಳು ನಿಂತಿತು.

‘ನಿನ್ನ ಸೊಸೆ ಒಂದ್ಸಲ ಫೇಲಾಗಿರೋ ಪರೀಕ್ಷೆ ತಾನೇ ಅತ್ತಿಗೆ? ಮುಂದಿನ ಸಲ ಬರೀಲಿ ಬಿಡು. ಸೀಮಂತ ಮುಂದಿನ ಸಲ ಮಾಡೋಕಾಗುತ್ತಾ?’

ಮುಂದಿನ ಸಲ ಅಂದರೆ ಒಂದು ವರ್ಷ. ಆ ವರ್ಷದಲ್ಲಿ ಇನ್ನೆಷ್ಟು ಸೀಮಂತ, ನಾಮಕರಣ, ಗೃಹಪ್ರವೇಶ? ಒಂದು ಮಾತು ಕೇಳುತ್ತೇನೆ. ಗಂಡು ಹುಡುಗನ ಪರೀಕ್ಷೆ ಇದ್ದರೆ ನಾವು ಮದುವೆ ಮುಹೂರ್ತವನ್ನೇ ಮುಂದಕ್ಕೆ ಹಾಕುತ್ತೇವೆ. ಸೊಸೆಯ ಪರೀಕ್ಷೆ ಮಾತ್ರ ಯಾಕೆ ಎಲ್ಲರಿಗೂ ಜಾಗ ಬಿಟ್ಟು ಹಿಂದೆ ನಿಲ್ಲಬೇಕು?

‘ಅಷ್ಟಕ್ಕೂ ಏನಮ್ಮ ಅಂಥಾ ಕಷ್ಟದ್ದು ಅದ್ರಲ್ಲಿ?’ ಸರೋಜ ಕೇಳಿದಳು. ಚುಚ್ಚುವುದಕ್ಕೇ ಕೇಳಿದ್ದು.

ಪವಿತ್ರ ಮೂರು ಬಟ್ಟಲು ತಂದಿಟ್ಟಳು. ಹಿದುಕಿದ ಎರಡು ಕಾಳು ಸರೋಜಳ ಕೈಗೆ ಕೊಟ್ಟಳು. ‘ಈ ಎರಡು ಕಾಳನ್ನ ಮೂರು ಬಟ್ಟಲಿಗೆ ಎಷ್ಟು ಥರ ಹಾಕ್ಬೋದು, ಹೇಳಿ ಸರೋಜತ್ತೆ.’

ಸರೋಜ ಲೆಕ್ಕದಲ್ಲಿ ಸೋಲುವ ಹೆಂಗಸಲ್ಲ. ಹಾಕಿದಳು, ತೆಗೆದಳು, ತುಟಿ ಅಲ್ಲಾಡಿಸಿದಳು. ‘ಒಂಬತ್ತು.’

‘ಆರು,’ ಅಂದಳು ಪವಿತ್ರ.

‘ಯಾವಳೇ ಹೇಳಿದ್ದು ಆರು? ಇದು ಇಲ್ಲಿ, ಅದು ಅಲ್ಲಿ, ಒಂದು. ಅದು ಇಲ್ಲಿ, ಇದು ಅಲ್ಲಿ, ಇನ್ನೊಂದು. ನೋಡತ್ತಿಗೆ, ಎಂ.ಎಸ್ಸಿ. ಅಂತೆ!’

‘ಅಟ್ಲ ಕಾದು ಅತ್ತಾ...’ (ಹಾಗಲ್ಲ ಅತ್ತೆ. ಹುರುಪು ಬಂದರೆ ಅವಳ ಬಾಯಿ ಮುಳಬಾಗಿಲಿಗೇ ಹೋಗುತ್ತದೆ.) ‘ಎರಡೂ ಬೇರೆ ಬೇರೆ ಕಾಳು ಅಂದ್ಕೊಂಡ್ರೆ ಒಂಬತ್ತು. ಒಂದೇ ಥರ ಅಂದ್ರೆ ಆರು.’

‘ಬೇರೆ ಬೇರೇನೇ. ಇದು ದಪ್ಪ, ಇದು ಸಣ್ಣ. ಕಣ್ ಕಾಣಲ್ವಾ ನಿಂಗೆ?’

ಇದೇ ಆ ಜಗಳ. ನಾನು ತೀರ್ಪು ಕೊಡಬೇಕಂತೆ. ನಾನು ಒಗ್ಗರಣೆ ನೆಪ ಹೇಳಿ ಎದ್ದೆ. ಆದರೆ ಬಾಗಿಲು ದಾಟಲಿಲ್ಲ.

ಪವಿತ್ರ ಬುಟ್ಟಿ ಕೆದಕಿ ಸಮಸಮ ಇರುವ ಎರಡು ಕಾಳು ಆರಿಸಿದಳು. ಎರಡು ಬಟ್ಟಲಿಗೆ ಒಂದೊಂದು ಹಾಕಿ, ‘ಕಣ್ಣು ಮುಚ್ಕೊಳಿ ಸರೋಜತ್ತೆ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಈಗ ಬಿಡಿ. ನಾನು ಅದಲು ಬದಲು ಮಾಡಿದ್ನಾ, ಇಲ್ವಾ?’

ಸರೋಜ ಬಗ್ಗಿ ನೋಡಿದಳು. ಕನ್ನಡಕ ಹಾಕಿ ನೋಡಿದಳು. ಕಾಳು ಎತ್ತಿ ಬೆಳಕಿಗೆ ಹಿಡಿದಳು.

‘ಗೊತ್ತಾಗಲ್ಲ ಕಣೇ.’

‘ಕಾಳಲ್ಲಿ ಹುಡುಕಿದ್ರೆ ಎಲ್ಲೋ ಒಂದು ಕಲೆ ಸಿಗುತ್ತೆ. ಬೆಳಕಿನ ಕಣಗಳಲ್ಲಿ ಎಷ್ಟೇ ಹುಡುಕಿದ್ರೂ ಸಿಗಲ್ಲ. ಅದು ಇದಾಯ್ತಾ, ಇದು ಅದಾಯ್ತಾ ಅಂತ ದೇವರಿಗೂ ಗೊತ್ತಾಗಲ್ಲ. ಇಲ್ಲದ ವ್ಯತ್ಯಾಸ ಎಣಿಸಿದ್ರೆ ಲೆಕ್ಕ ತಪ್ಪುತ್ತೆ. ಹೋದ ಸಲ ನಾನು ಎಣಿಸಿದ್ದೆ. ಅದಕ್ಕೇ ಫೇಲಾದೆ.’

‘ಎಲೆಕ್ಟ್ರಾನ್ ಆದ್ರೋ?’ ಅಂದೆ ಬಾಗಿಲಿಂದ. (ಅರ್ಧ ಅರ್ಥವಾಗುತ್ತದೆ ಅಂದೆನಲ್ಲ.)

‘ಅವು ರಿಸರ್ವೇಶನ್ ಸೀಟಿನ ಜನ ಅತ್ತಮ್ಮಾ. ಒಂದು ಕೂತ ಕಡೆ ಅದೇ ಥರದ್ದು ಇನ್ನೊಂದು ಕೂರಲ್ಲ. ಮೂರೇ ಥರ.’

ಪುಸ್ತಕ ನೋಡಲಿಲ್ಲ, ತಡವರಿಸಲಿಲ್ಲ. ಫೇಲಾದ ಹುಡುಗಿ ಹೀಗೆ ಮಾತಾಡುತ್ತಾಳಾ? ನನ್ನ ಕಣ್ಣು ಯಾಕೋ ಮಂಜಾಯಿತು. ಒಗ್ಗರಣೆ ಇನ್ನೂ ಹಾಕಿರಲಿಲ್ಲ, ಹೊಗೆ ಅನ್ನುವಂತೆಯೂ ಇರಲಿಲ್ಲ.

ಆಮೇಲೆ ಅವಳು ಅಂದದ್ದೇ ದೊಡ್ಡದು. ಮೆಲ್ಲಗೆ ಅಂದಳು: ‘ಸರೋಜತ್ತೆ, ಆರತಿ ಅತ್ತಮ್ಮ ಎತ್ತಲಿ. ಸುಷ್ಮಾನ ಎತ್ತಾಡಿಸಿ ಬೆಳೆಸಿದೋರು ಅವರೇ. ನಾನು ಎತ್ತೋದಕ್ಕೂ ಅವರು ಎತ್ತೋದಕ್ಕೂ ದೀಪಕ್ಕೆ ಏನು ವ್ಯತ್ಯಾಸ?’

ಸರೋಜ ಊಟ ಮಾಡಿ, ಕುಂಕುಮ ತಗೊಂಡು, ಬಸ್ಸು ಹತ್ತಿದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಬಸ್ಸು ಹೋದಮೇಲೆ ಪವಿತ್ರಳ ಧೈರ್ಯ ಇಳಿಯಿತು. ‘ಬಾಯಿ ಜಾಸ್ತಿ ಆಯ್ತು ನಂದು. ಬಿಡಿ ಅತ್ತಮ್ಮಾ, ಲಕ್ಕೂರಿಗೇ ಹೋಗ್ತೀನಿ. ಮುಂದಿನ ವರ್ಷ ಬರೀತೀನಿ.’

‘ಹಾಲ್ ಟಿಕೆಟ್ ಪ್ರಿಂಟ್ ತೆಗೆಸಿದ್ಯಾ?’ ಅಂತಷ್ಟೇ ಕೇಳಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಕೋಲಾರಕ್ಕೆ ಹೋದೆವು. ಅವಳು ಅಲ್ಲಿ ಇಳಿದು ಕಾಲೇಜಿನ ಕಡೆ ಆಟೋ ಹತ್ತಿದಳು. ನಾನು ಮಾಲೂರು ಬಸ್ಸು ಹಿಡಿದು ಲಕ್ಕೂರು ಸೇರಿದೆ. ದಾರಿಯುದ್ದಕ್ಕೂ ಎರಡು ಹೆದರಿಕೆ. ಅವಳು ಅಲ್ಲಿ ಏನು ಬರೆಯುತ್ತಾಳೋ, ನನ್ನನ್ನು ಇಲ್ಲಿ ಯಾವ ಮೂಲೆಗೆ ಕೂರಿಸುತ್ತಾರೋ.

ಸುಷ್ಮಾ ಹಸಿರು ಸೀರೆಯಲ್ಲಿ ಕೂತಿದ್ದಳು. ನಾನು ಹಿಂದಿನ ಸಾಲಿನ ಕುರ್ಚಿ ನೋಡಿಕೊಂಡೆ. ಅಷ್ಟರಲ್ಲಿ ಸರೋಜ ತಟ್ಟೆ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರವೇ ಬಂದಳು. ನನ್ನ ಮುಖ ನೋಡಲಿಲ್ಲ. ‘ಹಿಡ್ಕೋ ಅತ್ತಿಗೆ, ದೀಪ ಆರೋಗುತ್ತೆ’ ಅಂದಳು.

ಹಿಡಿದೆ. ಯಾರೋ ಪಿಸುಗುಟ್ಟಿದರು. ಒಬ್ಬಾಕೆ ಜೋರಾಗಿಯೇ ಕೇಳಿದಳು, ‘ಯಾಕೆ ಸರೋಜಮ್ಮ, ಸೊಸೆ ಬರ್ಲಿಲ್ವಾ?’

‘ಎಂ.ಎಸ್ಸಿ. ಫಿಸಿಕ್ಸ್ ಪರೀಕ್ಷೆ ಕಣಮ್ಮ ಅವಳಿಗೆ. ಬಿಟ್ಟು ಬಾ ಅನ್ನೋಕಾಗುತ್ತಾ?’

ಹೇಳಿದ್ದು ಸರೋಜ. ನಾನು ತಟ್ಟೆ ಅಲ್ಲಾಡದ ಹಾಗೆ ಗಟ್ಟಿಯಾಗಿ ಹಿಡಿದುಕೊಂಡೆ.

ಈ ವಾರ ಫಲಿತಾಂಶ ಬಂತು. ಪಾಸು. ಸುಮ್ಮನೆ ದಡ ಸೇರಿದ ಪಾಸಲ್ಲ, ಒಳ್ಳೆ ಮಾರ್ಕ್ಸು. ಪವಿತ್ರ ಅಡುಗೆಮನೆಯಲ್ಲಿ ನನ್ನನ್ನು ತಬ್ಬಿಕೊಂಡು, ಆಮೇಲೆ ನಾಚಿಕೊಂಡು, ಏನೂ ಆಗದವಳ ಹಾಗೆ ಪಾತ್ರೆ ತೊಳೆಯಲು ಹೋದಳು. ನಾನು ಗಿರೀಶನಿಗೆ ಫೋನ್ ಮಾಡುವಷ್ಟರಲ್ಲಿ ಸರೋಜಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಪವಿತ್ರಳ ಫೋಟೋ ಬಂದುಬಿಟ್ಟಿತ್ತು. ಸುತ್ತಲೂ ಗುಲಾಬಿ ಹೂವು. ಕೆಳಗೆ ‘ನಮ್ಮ ಮನೆ ಸೊಸೆ, ನಮ್ಮ ಹೆಮ್ಮೆ’.

ನನಗಿಂತ ಮುಂಚೆ ಹೆಮ್ಮೆ ಪಟ್ಟವಳ ಮೇಲೆ ನಾನು ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಲಿ, ನೀವೇ ಹೇಳಿ?