ಬೋಗಾಣಿ ಹೊತ್ತ ರೇಸ್ ಕಾರು

ನಮ್ಮ ಮನೆಯವರಿಗೆ ಹುಚ್ಚು ಹಿಡಿದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಅವರ ಮೊಬೈಲಿನ ಕಡೆ ಬೆರಳು ತೋರಿಸುತ್ತೇನೆ. ಶಹಾಪುರದ ಒಂದು ಕಚೇರಿಯಲ್ಲಿ ಅವರು ಗುಮಾಸ್ತರು. ಬಿಡುವು ಸಿಕ್ಕಿದರೆ ಬೇರೆ ಗಂಡಸರು ಇಸ್ಪೀಟು ಆಡುತ್ತಾರೆ, ರಾಜಕೀಯ ಮಾತಾಡುತ್ತಾರೆ, ಇಲ್ಲವೇ ಸುಮ್ಮನೆ ಮಲಗುತ್ತಾರೆ. ಇವರು ಫ್ರಾನ್ಸಿನ ಇಪ್ಪತ್ತನಾಲ್ಕು ತಾಸಿನ ಕಾರ್ ರೇಸು ನೋಡುತ್ತಾರೆ. ಅದೂ ಈಗಿನದ್ದಲ್ಲ, ಇವರು ಹುಟ್ಟುವ ಮುಂಚೆ ನಡೆದು ಮುಗಿದದ್ದು. ಯಾರು ಗೆದ್ದರೆಂದು ಜಗತ್ತಿಗೆಲ್ಲ ಗೊತ್ತಿರುವ ರೇಸನ್ನು ಉಸಿರು ಬಿಗಿಹಿಡಿದು ನೋಡುವವರನ್ನು ನಾನು ಇವರೊಬ್ಬರನ್ನೇ ಕಂಡದ್ದು.

ಆ ಕಾರುಗಳಿಗೆ ಪ್ರೋಟೋಟೈಪ್ ಅನ್ನುತ್ತಾರಂತೆ. ಅಂಗಡಿಯಲ್ಲಿ ಮಾರುವ ಕಾರಲ್ಲ, ರೇಸಿಗೆಂದೇ ಕೆಲವೇ ಕೆಲವು ಕಟ್ಟಿದ್ದು. ಅವನ್ನು ಹಗಲೂ ರಾತ್ರಿಯೂ ಓಡಿಸಿ ಕಡೆಗೆ ಹೊರಟ ಜಾಗಕ್ಕೇ ತಂದು ನಿಲ್ಲಿಸುತ್ತಾರೆ. ಶಹಾಪುರ-ಯಾದಗಿರಿ ಬಸ್ಸಿನ ಡ್ರೈವರ್ ನಿವೃತ್ತಿಯಾಗುವ ತನಕ ಮಾಡುವುದೂ ಅದನ್ನೇ. ಅವನಿಗೆ ಯಾರೂ ಹಾರ ಹಾಕಿ ಮೆರೆಸಿದ್ದನ್ನು ನಾನು ಕಂಡಿಲ್ಲ.

ನಾನು ದೋರನಹಳ್ಳಿಯ ಶಾಲೆಯಲ್ಲಿ ದಿನವಿಡೀ ಮಕ್ಕಳಿಂದ ಮಗ್ಗಿ ಒದರಿಸಿ ಬಂದು ಸಂಜೆ ರೊಟ್ಟಿ ಬಡಿಯಲು ಕೂತರೆ, ಇವರು ಪಕ್ಕದಲ್ಲಿ ಮಣೆ ಹಾಕಿಕೊಂಡು ಶುರು ಮಾಡುತ್ತಿದ್ದರು. ಒಂದು ವರ್ಷ ಒಂದು ಕಾರಿಗೆ ಅಲ್ಲಿನ ಹಂದಿಯ ಗುಲಾಬಿ ಬಣ್ಣ ಬಳಿದು, ಮಾಂಸದ ಅಂಗಡಿಯವರು ಎಲ್ಲಿ ಕಡಿಯಬೇಕೆಂದು ಗುರುತು ಹಾಕಿದ ಹಾಗೆ ಮೈತುಂಬ ಚುಕ್ಕೆಗೆರೆ ಎಳೆದಿದ್ದರಂತೆ. ಗೆದ್ದಿತೇ ಎಂದರೆ ಇಲ್ಲ. ಚಂದವಿತ್ತೇ ಎಂದರೆ ಅದೂ ಇಲ್ಲ. ಆದರೂ ಆ ಹಂದಿಯ ಫೋಟೊ ನಮ್ಮ ದೇವರ ಜಗಲಿಯ ಪಕ್ಕದ ಗೋಡೆಗೆ ಬಂತು. ನಾನು ಕಿತ್ತು ಬಚ್ಚಲ ಬಾಗಿಲಿಗೆ ಅಂಟಿಸಿದೆ, ಈಗಲೂ ಅಲ್ಲೇ ಇದೆ.

ಇನ್ನೊಂದು ದಿನ ಎರಡನೇ ಸೀಟಿನ ವಿಚಾರ ಬಂತು. ಆ ಕಾರುಗಳಲ್ಲಿ ಎರಡು ಸೀಟು ಇರಲೇಬೇಕೆಂದು ನಿಯಮವಿತ್ತಂತೆ, ಒಂದು ಕಾಲಕ್ಕೆ ಊರಿಗೆ ಹೊರಟವರ ಪೆಟ್ಟಿಗೆ ಹಿಡಿಸುವಷ್ಟು ಜಾಗವೂ ಇರಬೇಕಿತ್ತಂತೆ. ಆ ಎರಡನೆಯದರಲ್ಲಿ ಯಾರು ಕೂಡುತ್ತಾರೆ ಎಂದು ಕೇಳಿದೆ. ಯಾರೂ ಕೂಡುವುದಿಲ್ಲ, ನಿಯಮವಿದೆ, ಅದಕ್ಕೆ ಸೀಟು ಇದೆ ಎಂದರು. ನನಗೆ ತಕ್ಷಣ ಅರ್ಥವಾಯಿತು. ಈ ಮನೆಯಲ್ಲಿ ಆ ಸೀಟು ನಾನೇ.

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಬುಗುಟಿನ ಕತೆ. ಅಮೆರಿಕದ ಒಂದು ಕೆಂಪು ಕಾರು, ಅದರ ಚಾವಣಿ ಬಹಳ ಗಿಡ್ಡ. ಓಡಿಸುವವನು ಉದ್ದನೆಯ ಆಳು, ಮೇಲೆ ಹೆಲ್ಮೆಟ್ಟು ಬೇರೆ. ಬಾಗಿಲು ಹಾಕಿದರೆ ತಲೆ ತಾಗುತ್ತದೆ. ಕಡೆಗೆ ಅವನ ತಲೆ ಬರುವ ಜಾಗಕ್ಕೆ ಸರಿಯಾಗಿ ಚಾವಣಿಯ ಮೇಲೊಂದು ಬುಗುಟು ಎಬ್ಬಿಸಿದರು. ಅದೇ ಕಾರು ಗೆದ್ದಿತು. ಗೆದ್ದ ಖುಷಿಗೆ ಅವನು ಶಾಂಪೇನ್ ಬಾಟಲಿ ಅಲುಗಾಡಿಸಿ ಸುತ್ತಲಿದ್ದವರ ಮೇಲೆಲ್ಲ ಸಿಡಿಸಿದ. ನಮ್ಮವರಿಗೆ ಗೆದ್ದದ್ದು ಒಪ್ಪಿಗೆ, ಬುಗುಟು ಮಾತ್ರ ಒಪ್ಪಿಗೆಯಿರಲಿಲ್ಲ. ಅಷ್ಟು ಚಂದದ ಕಾರಿನ ತಲೆಗೆ ಪೆಟ್ಟು ಬಿದ್ದು ಬಾತ ಹಾಗಿದೆ ಎಂದು ಪ್ರತಿ ಸಲವೂ ಹೊಸದಾಗಿ ಮರುಗುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ನಾನು ಕೇಳುತ್ತಿಲ್ಲ ಎಂದು ಅವರಿಗೆ ಖಾತ್ರಿಯಿತ್ತು, ಆದರೂ ಹೇಳುತ್ತಿದ್ದರು.

ಈ ವಿಷಯದಲ್ಲಿ ಯಾರಾದರೂ ತಪ್ಪು ಹೇಳಿದರೆ ಮಾತ್ರ ಅವರು ಸಹಿಸುವುದಿಲ್ಲ. ಮನೆಯಲ್ಲಿ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುವ ಮನುಷ್ಯ, ಒಂದು ಕಾರಿನ ಗಾಲಿಯ ಬಣ್ಣಕ್ಕಾಗಿ ಯಾವುದೋ ದೇಶದ, ಮುಖ ಕಾಣದ ಒಬ್ಬನ ಜೊತೆ ಮೊಬೈಲಿನಲ್ಲಿ ವಾರಗಟ್ಟಲೆ ಜಗಳವಾಡಿದರು. ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಇಂಗ್ಲೆಂಡಿನ ಕಾರನ್ನು ಇಟಲಿಯದ್ದು ಎಂದದ್ದಕ್ಕೆ ಹೋಳಿಗೆ ಅರ್ಧಕ್ಕೆ ಬಿಟ್ಟು ಎದ್ದರು. ಆ ಹೋಳಿಗೆ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನೋಡುವುದರಲ್ಲಿ ಮುಗಿದಿದ್ದರೆ ಹೇಗೋ ಸಹಿಸಬಹುದಿತ್ತು. ಎಮ್ಮೆ ಮಾರಿದ ಮೇಲೆ ಹಿತ್ತಲ ಕೊಟ್ಟಿಗೆ ಖಾಲಿ ಬಿದ್ದಿತ್ತು. ಒಂದು ದಿನ ಯಾದಗಿರಿಯ ಗುಜರಿಯಿಂದ ಒಂದು ಸತ್ತ ಸಣ್ಣ ಕಾರು ಟ್ರ್ಯಾಕ್ಟರಿನಲ್ಲಿ ಬಂದು ಎಮ್ಮೆಯ ಜಾಗದಲ್ಲಿ ಮಲಗಿತು. ಅದರ ಚರ್ಮ ಸುಲಿದು, ಎಲುಬು ಇಂಜಿನು ಉಳಿಸಿಕೊಂಡು, ಮೇಲೆ ತಗಡು ಬಗ್ಗಿಸಿ ಕೂರಿಸಿ, ಇವರು ತಮ್ಮದೇ ಒಂದು ಹಳೆಯ ರೇಸ್ ಕಾರು ಕಟ್ಟತೊಡಗಿದರು. ಎರಡು ಬೇಸಿಗೆ ಕೊಟ್ಟಿಗೆಯಲ್ಲೇ ಬೆಂದರು. ಎಮ್ಮೆ ಹಾಲಾದರೂ ಕೊಡುತ್ತಿತ್ತು. ಓಣಿಯವರು ಬಂದು ನೋಡಿ, ಇದು ಚುನಾವಣೆ ಪ್ರಚಾರಕ್ಕೋ ಕುಲ್ಫಿ ಮಾರಲಿಕ್ಕೋ ಎಂದು ಕೇಳಿ ಹೋದರು. ಕಡೆಗೆ ಆಕಾಶದ ಬಣ್ಣ ಬಳಿದು ನಡುವೆ ಕಿತ್ತಳೆ ಪಟ್ಟಿ ಎಳೆದಾಗ, ನನ್ನ ಸೊಂಟದೆತ್ತರದ ಆ ಕಾರು ಚಂದ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ. ಅವರಿಗೆ ಮಾತ್ರ ಹೇಳಲಿಲ್ಲ.

ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಹುಚ್ಚು ಅಪ್ಪನದ್ದು, ಮದುವೆ ಮಗಳದ್ದು. ಒಬ್ಬಳೇ ಮಗಳು. ಸುರಪುರದ ಪಕ್ಕ ರಂಗಂಪೇಟೆಯ ಬಟ್ಟೆ ಅಂಗಡಿಯ ಮನೆತನದಿಂದ ಸಂಬಂಧ ಕೂಡಿ ಬಂತು. ಹುಡುಗ ಒಳ್ಳೆಯವನು, ನೀಳ ಆಳು, ಮಾತು ಕಡಿಮೆ. ಮಾತೆಲ್ಲ ಅವನ ತಾಯಿಯ ಪಾಲಿಗೆ ಬಂದಿತ್ತು. ಯಾರ ಮದುವೆಯಲ್ಲಿ ಏನು ಎಡವಟ್ಟಾಯಿತು ಎಂಬುದೆಲ್ಲ ನಮ್ಮ ಬೀಗತಿಗೆ ಬಾಯಿಪಾಠ. ಎಡವಟ್ಟಾದ ಮನೆಯ ಹೆಣ್ಣಿಗೆ ಆಕೆ ಒಂದು ಹೆಸರಿಡುತ್ತಾರೆ, ಆ ಹೆಸರು ಆ ಹೆಣ್ಣಿನ ಜನ್ಮಕ್ಕೆ ಅಂಟುತ್ತದೆ. ಮದುವೆ ದಿನ ತವರಿನ ಹಂದರ ಗಾಳಿಗೆ ಹಾರಿದ ಸೊಸೆಯೊಬ್ಬಳು ರಂಗಂಪೇಟೆಯಲ್ಲಿದ್ದಾಳೆ. ಆಕೆಗೆ ಈಗ ಮೊಮ್ಮಕ್ಕಳಾಗಿದ್ದರೂ ಇನ್ನೂ ‘ಹಂದರ ಹಾರಿದಾಕಿ’ಯೇ. ಇದನ್ನು ಬೀಗತಿಯೇ ನಗುತ್ತ ನನಗೆ ಹೇಳಿದ್ದು. ಅಂದಿನಿಂದ ನನ್ನದು ಒಂದೇ ಹರಕೆ: ನನ್ನ ಮಗಳು ಹೆಸರಿಲ್ಲದೆ ಆ ಮನೆ ಸೇರಲಿ.

ನಿಶ್ಚಯದ ದಿನ, ಮದುಮಗನನ್ನು ನಮ್ಮೂರ ಹನುಮಪ್ಪನ ಗುಡಿಯಿಂದ ಹಂದರಕ್ಕೆ ಕರೆತರಲು ತಾವೇ ಒಂದು ಜೀಪು ತರುತ್ತೇವೆ ಎಂದರು ಬೀಗರು. ಸುಮ್ಮನಿದ್ದರೆ ಆಗಿತ್ತು. ಅಂಗೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವ ಚಟ ಇವರಿಗೆ. ಕಾರು ನಮ್ಮದು, ನಾನೇ ಓಡಿಸುತ್ತೇನೆ, ಎರಡನೇ ಸೀಟಿನಲ್ಲಿ ಅಳಿಯಂದಿರು ಎಂದುಬಿಟ್ಟರು.

“ತರ್ರಿ ಅಣ್ಣಾರ, ಬ್ಯಾಡ ಅನ್ನಂಗಿಲ್ಲ. ಆದ್ರ ಮಂದಿ ನಗಬಾರದ್ ನೋಡ್ರಿ” ಎಂದರು ಬೀಗತಿ.

ಇವರು ಅಷ್ಟಕ್ಕೇ ನಿಲ್ಲಲಿಲ್ಲ. ಎಲ್ಲರೆದುರು ಹುಡುಗನನ್ನು ಮಣೆಯ ಮೇಲೆ ಕೂರಿಸಿ, ಕುಂಡೆಯಿಂದ ನೆತ್ತಿಯವರೆಗೆ ಟೇಪು ಹಿಡಿದು ಅಳೆದರು. ಸೂಟು ಹೊಲಿಸುತ್ತಾರೆಂದು ತಿಳಿದು ಹುಡುಗ ಎದೆ ಸೆಟೆಸಿ ಕೂತಿದ್ದ. ಆ ಅಳತೆಗೆ ಸೀಟು ಇಳಿಸಿದರು, ನೆತ್ತಿಗೂ ಚಾವಣಿಗೂ ನಡುವೆ ಅಂಗೈ ಆಡುವಷ್ಟು ಜಾಗ ಉಳಿಯಿತು. ಒಂದು ಭಾನುವಾರ ಕಾರನ್ನು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಬೋನಾಳದ ಕೆರೆ ದಾರಿಗೆ ಒಯ್ದು ಓಡಿಸಿಯೂ ನೋಡಿದರು. ಸದ್ದಿಗೆ ಕೆರೆಯ ಹಕ್ಕಿಗಳೆಲ್ಲ ಎದ್ದು ಹೋದವು, ಹಕ್ಕಿ ನೋಡಲು ಬಂದವರು ಬಾಯಿಗೆ ಬಂದಂತೆ ಬೈದರು. ಇವರು ಗೆದ್ದು ಬಂದವರ ಹಾಗೆ ಮನೆಗೆ ಬಂದರು.

ಮದುವೆಯ ದಿನ ಬಂತು. ಹನುಮಪ್ಪನ ಗುಡಿಯ ಮುಂದೆ ಬ್ಯಾಂಡಿನವರು, ಎರಡೂ ಕಡೆಯ ಬೀಗರು, ನಡುವೆ ಒರೆಸಿ ಒರೆಸಿ ಹೊಳೆಯುವ ಕಾರು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಆ ಜಾತಿಯ ಕಾರಿನ ಬಾಗಿಲಿಗೆ ಅರ್ಧ ಚಾವಣಿಯೂ ಅಂಟಿಕೊಂಡಿರುತ್ತದೆ, ತೆರೆದರೆ ಎರಡೂ ಒಟ್ಟಿಗೆ ತೆರೆಯುತ್ತವೆ. ಅಳಿಯ ಬಂದು ಸಲೀಸಾಗಿ ಒಳಗೆ ಕೂತ. ಇವರು ಬಾಗಿಲು ಹಾಕಲು ಹೋದರು. ಹಾಕಲಾಗಲಿಲ್ಲ.

ನಮ್ಮ ಕಡೆ ಮದುಮಗ ಬರಿತಲೆಯಲ್ಲಿ ಬರುವುದಿಲ್ಲ. ತಲೆಗೆ ರುಮಾಲು, ಅದರ ಮೇಲೆ ಹಣೆಗೆ ಬಾಸಿಂಗ. ಹಳೆಯ ಕಾರುಗಳ ಗಾಲಿಯ ಬಣ್ಣ ಬಲ್ಲ ಈ ಮನುಷ್ಯ, ತಾನೂ ಒಮ್ಮೆ ರುಮಾಲು ಸುತ್ತಿ ಬಾಸಿಂಗ ಕಟ್ಟಿಕೊಂಡೇ ನನ್ನನ್ನು ಮದುವೆಯಾದದ್ದನ್ನು ಮರೆತು, ಬರಿತಲೆಯ ಅಳತೆಗೆ ಕಾರು ಕಟ್ಟಿದ್ದರು. ಅಳೆಯುವಾಗ ಸುತ್ತ ಇದ್ದ ಯಾರಿಗೂ ಹೊಳೆದಿರಲಿಲ್ಲ ಎಂಬುದು ಬೇರೆ ಮಾತು.

ಅಳಿಯ ಕೆಳಗೆ ಜಾರಿ ಕೂತು ನೋಡಿದ, ಬಾಸಿಂಗ ಮೂಗಿಗೆ ಬಂತು. ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಲಿ ಎಂದು ಯಾರೋ ಅಂದರು. ಒಮ್ಮೆ ಕಟ್ಟಿದ ಬಾಸಿಂಗ ತಲೆಗೆ ಅಕ್ಕಿಕಾಳು ಬೀಳುವ ತನಕ ಬಿಚ್ಚುವಂತಿಲ್ಲ ಎಂದು ಮದುವೆ ಮಾಡಿಸುವ ಅಯ್ಯನವರು ಗದರಿದರು. ಬಾಗಿಲು ತೆರೆದೇ ಹೋಗೋಣವೆಂದರೆ, ಅದು ಕೋಳಿ ರೆಕ್ಕೆ ಬಿಚ್ಚಿದ ಹಾಗೆ ರಸ್ತೆಯನ್ನೆಲ್ಲ ತಡೆಯುತ್ತಿತ್ತು. ಮುಹೂರ್ತ ಹತ್ತಿರ ಬರುತ್ತಿತ್ತು. ಹುಡುಗನ ಕಡೆಯವರು ಮೆಲ್ಲಗೆ ನಗತೊಡಗಿದರು. ನಾನು ಬೀಗತಿಯ ಮುಖ ನೋಡಿದೆ. ಆಕೆ ನಗುತ್ತಿರಲಿಲ್ಲ, ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ನನ್ನ ಮಗಳ ಹೆಸರು ಅಲ್ಲಿ ತಯಾರಾಗುತ್ತಿತ್ತು.

ಇವರು ಚಾವಣಿಯ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಎರಡು ವರ್ಷದಿಂದ ಕೂಡಿಟ್ಟ ಬೈಗುಳವೆಲ್ಲ ಬಾಯಿಗೆ ಬಂದಿತ್ತು. ಆದರೆ ಆ ಮುಖ ನೋಡಿ ಸಂಕಟವಾಯಿತು. ಬೈಗುಳ ನುಂಗಿ ಹತ್ತಿರ ಹೋದೆ.

“ಆ ಉದ್ದನೆ ಮನಶ್ಯಾಗ ಏನ್ ಮಾಡಿದ್ರು?” ಎಂದೆ.

“ಯಾರಿಗಿ?”

“ಹೆಲ್ಮೆಟ್ ಹಾಕ್ಕೊಂಡಾವಗ. ಕೆಂಪು ಕಾರಿನವಗ.”

ಅವರು ನನ್ನನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು. “ನೀ ಕೇಳಾಕತ್ತಿದ್ದೇನು ಅವನ್ನೆಲ್ಲ?”

“ರೊಟ್ಟಿ ಕೈಲೆ ಬಡೀತೀನಿ, ಕಿವೀಲೆ ಅಲ್ಲ. ಬುಗುಟು ಎಬ್ಬಸ್ರಿ.”

ತಗಡು ಬಡಿದು ಬುಗುಟು ಎಬ್ಬಿಸುವಷ್ಟು ಹೊತ್ತು ಇರಲಿಲ್ಲ. ಅದು ನನಗೂ ಗೊತ್ತಿತ್ತು. ಆರತಿ ತಟ್ಟೆ ಪಕ್ಕದವರ ಕೈಗೆ ಕೊಟ್ಟು ಮನೆಗೆ ನಡೆದೆ. ಮದುವೆಯಾದಾಗ ನನ್ನ ತವರಿನವರು ಕೊಟ್ಟ ಅಲ್ಯೂಮಿನಿಯಂ ಬೋಗಾಣಿ ಒಂದಿತ್ತು. ಪ್ರತಿ ಹಬ್ಬಕ್ಕೂ ಹೂರಣದ ಬೇಳೆ ಬೇಯಿಸಿದ್ದು ಅದರಲ್ಲೇ. ತಳ ಮಸಿ ಹಿಡಿದು ಕಪ್ಪಾಗಿತ್ತು, ಹೊಟ್ಟೆ ಮಾತ್ರ ರುಮಾಲು ಸುತ್ತಿದ ತಲೆ ಹಿಡಿಸುವಷ್ಟು ದೊಡ್ಡದು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಅಷ್ಟರಲ್ಲಿ ಇವರು ಗುಡಿಯ ಎದುರಿನ ವೆಲ್ಡಿಂಗ್ ಅಂಗಡಿಯಿಂದ ಕಟರ್ ಇಸಿದುಕೊಂಡಿದ್ದರು. ನನ್ನ ಕೈಯಲ್ಲಿನ ಬೋಗಾಣಿ ನೋಡಿದರು, ಕಾರು ನೋಡಿದರು. ಬೇರೆಯವರ ಕಾರಿನ ಬುಗುಟಿಗೆ ಅಷ್ಟು ವರ್ಷ ಮರುಗಿದ ಮನುಷ್ಯ, ತಮ್ಮ ಕಾರಿನ ಚಾವಣಿಯನ್ನು ಕಿತ್ತಳೆ ಪಟ್ಟಿಯ ಅಂಚಿನಲ್ಲೇ ತಾವೇ ದುಂಡಗೆ ಕತ್ತರಿಸಿದರು. ಕಿಡಿ ಹಾರಿತು. ಪಟಾಕಿ ಇರಬೇಕೆಂದು ಬ್ಯಾಂಡಿನವರು ಇನ್ನೂ ಜೋರಾಗಿ ಬಾರಿಸಿದರು.

ಬೋಗಾಣಿಯನ್ನು ಒಳಗಿನಿಂದ ಬೋರಲು ತೂರಿಸಿ, ಅದರ ಕಂಠವನ್ನು ಚಾವಣಿಗೆ ಸ್ಕ್ರೂ ಹೊಡೆದು ಬಿಗಿದರು. ಮಸಿಯ ತಳ ಆಕಾಶ ನೋಡುತ್ತ ಮೇಲೆ ಎದ್ದು ನಿಂತಿತು. ನಮ್ಮ ಹೆಣ್ಣುಮಕ್ಕಳು ಅದಕ್ಕೆ ಅರಿಶಿಣ ಕುಂಕುಮ ಬಳಿದು ಚೆಂಡುಹೂವಿನ ಮಾಲೆ ಸುತ್ತಿದರು. ಬಾಗಿಲು ಹಾಕಿದರು. ರುಮಾಲು, ಬಾಸಿಂಗ, ಅಳಿಯ, ಮೂರೂ ಒಳಗೆ ಹಿಡಿಸಿದವು.

ಬಾಣದ ಹಾಗೆ ಹಾರಲೆಂದು ಹುಟ್ಟಿದ ಆಕಾರ ಅದು. ಬ್ಯಾಂಡಿನ ಹಿಂದೆ, ಕಳಸ ಹಿಡಿದ ಹೆಂಗಸರ ಕಾಲ ಸಪ್ಪಳಕ್ಕೆ ಹೊಂದಿಕೊಂಡು ಆಮೆಯ ಹಾಗೆ ಬಂತು. ರಸ್ತೆಯ ಹಂಪು ಬಂದಲ್ಲಿ ನನ್ನ ಅಣ್ಣತಮ್ಮಂದಿರು ನಾಲ್ಕು ಮೂಲೆ ಹಿಡಿದು ಅಳಿಯನ ಸಮೇತ ಎತ್ತಿ ದಾಟಿಸಿದರು. ಅಂತೂ ಹೊತ್ತಿಗೆ ಹಂದರ ತಲುಪಿತು.

ಹಂದರದ ಬಾಗಿಲಲ್ಲಿ ಬೀಗತಿ ನನ್ನ ತೋಳು ಹಿಡಿದರು. “ಇದೇನ್ರಿ ಅಕ್ಕಾರ, ಮ್ಯಾಲ ಬೋಗಾಣಿ?”

ಸುತ್ತ ರಂಗಂಪೇಟೆಯ ಹೆಂಗಸರೆಲ್ಲ ನೆರೆದಿದ್ದರು. ನಾನು ಗಂಟಲು ಸರಿಪಡಿಸಿಕೊಂಡು ಶುರು ಮಾಡಿದೆ. ಫ್ರಾನ್ಸು ಎಂದೆ, ಇಪ್ಪತ್ತನಾಲ್ಕು ತಾಸು ಎಂದೆ. ಎರಡನೇ ಸೀಟಿನ ನಿಯಮ ಹೇಳಿದೆ, ಗಿಡ್ಡ ಚಾವಣಿ ಹೇಳಿದೆ, ಉದ್ದನೆಯ ಡ್ರೈವರು, ಅವನ ಹೆಲ್ಮೆಟ್ಟು, ಬುಗುಟು, ಒಂದನ್ನೂ ಬಿಡಲಿಲ್ಲ. ಮಾನವಂತರ ಕಾರಿಗೆ ಇದು ಇರಲೇಬೇಕು ಎಂಬ ದನಿಯಲ್ಲಿ ಹೇಳಿದೆ. ಬಾಟಲಿಯ ವಿಚಾರ ಮಾತ್ರ ಎತ್ತಲಿಲ್ಲ, ಅಷ್ಟು ಬುದ್ಧಿ ನನಗಿದೆ.

“ಗೆದ್ದದೇನ್ರಿ ಮತ್ತ ಆ ಗಾಡಿ?”

“ಗೆದ್ದದ್ರಿ.”

ಬೀಗತಿ ತಮ್ಮ ಕಡೆಯವರತ್ತ ತಿರುಗಿ, ಇದು ಗೆದ್ದ ಗಾಡಿಯ ನಮೂನೆ ಎಂದು ಹೇಳತೊಡಗಿದರು. ಆಕೆಯ ಹಿಂದೆ ಇವರು ಕಾರಿನ ಕೀಲಿ ಹಿಡಿದು ನಿಂತಿದ್ದರು. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡಿದ್ದರು, ಒಂದು ಕಡೆಯೂ ತಿದ್ದಲು ಬಂದಿರಲಿಲ್ಲ. ತಿದ್ದಲು ಏನೂ ಇರಲಿಲ್ಲ.

ಪಂಚಮಿಗೆ ಮಗಳನ್ನು ತವರಿಗೆ ಕರೆತರಲು ಬಸ್ಸು ಹತ್ತಿ ರಂಗಂಪೇಟೆಗೆ ಹೋದೆವು. ಬಾಗಿಲಲ್ಲೇ ಮಗಳು ನಗುತ್ತ ಸುದ್ದಿ ಹೇಳಿದಳು: ಹೆಸರು ಬಿದ್ದಿದೆ, ‘ಗೆದ್ದ ಗಾಡಿಯಾಕಿ’. ಪಡಸಾಲೆಯಲ್ಲಿ ಬೀಗತಿ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಅದೇ ಕತೆ ಹೇಳುತ್ತಿದ್ದರು. ಅಷ್ಟರಲ್ಲಿ ಅದು ರಂಗಂಪೇಟೆಯ ನೀರು ಕುಡಿದು ಬೆಳೆದಿತ್ತು. ಕಾರು ಲಂಡನ್ನಿನದಾಗಿತ್ತು. ರೇಸು ಒಂದು ವಾರದ್ದಾಗಿತ್ತು. ಡ್ರೈವರು ಥೇಟ್ ಅವರ ಮಗನಷ್ಟೇ ಎತ್ತರ, ಅವನಷ್ಟೇ ಸಂಭಾವಿತ. ಚಾವಣಿ ತಲೆಗೆ ತಾಗಿ ಅವನು ಇನ್ನು ಸೋತೆ ಎಂದು ಕೂತಾಗ, ಅವನ ಹೆಂಡತಿ ಮನೆಗೆ ಓಡಿ ಹೋಗಿ ಬೋಗಾಣಿ ತಂದು ಕೊಟ್ಟಳಂತೆ.

ಗಾಲಿಯ ಬಣ್ಣಕ್ಕೆ ಜಗಳವಾಡಿದವರು, ಹೋಳಿಗೆ ಬಿಟ್ಟು ಎದ್ದವರು ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಬಾಯಿ ಆಗಲೇ ತೆರೆದಿತ್ತು. ಮಗಳ ಮುಂದೆ, ಬೀಗರ ಪಡಸಾಲೆಯಲ್ಲಿ ಇಂದು ಕುರುಕ್ಷೇತ್ರ ಎಂದುಕೊಂಡೆ.

“ಖರೇ ಏನ್ರಿ ಅಣ್ಣಾರ, ಹೆಂಡ್ತಿ ಬೋಗಾಣಿ ಕೊಟ್ಟಿದ್ದು?” ಎಂದು ಒಬ್ಬ ಹೆಂಗಸು ಇವರನ್ನೇ ಕೇಳಿದಳು.

“ಹೌದ್ರಿ,” ಎಂದರು ಇವರು, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, ನನ್ನ ಕಡೆ ನೋಡದೆ. “ಆಕಿ ಕೊಟ್ಟಿದ್ದಕ್ಕ ಅಂವಾ ಗೆದ್ದ.”